ಸಹಿ ಹಾಕಲು ಬಹುಮತ ಬೇಕಿಲ್ಲ

ದಾವಣಗೆರೆಯಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಮನವಿ ಪತ್ರ ಬರೆಸಿಕೊಳ್ಳಲು ಬರುವ ಸಂಘಟನೆಗಳವರು ಸಾಮಾನ್ಯವಾಗಿ ಭದ್ರಾ ನಾಲೆಯ ನೀರು, ಪಹಣಿ, ಬೆಳೆ ವಿಮೆ ಎಂದೇ ಬರುತ್ತಾರೆ. ಈಚೆಗೆ ಕೆಲವರು, ಉನ್ನತ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರ ವಾಗ್ದಂಡನೆಯ, ಅಂದರೆ ಸಂಸತ್ತಿನ ಮೂಲಕ ಅವರನ್ನು ಹುದ್ದೆಯಿಂದ ತೆಗೆಯುವ ಕ್ರಮದ, ನೋಟಿಸಿಗೆ ಸಹಿ ಹಾಕುವಂತೆ ಸಂಸದರನ್ನು ಒತ್ತಾಯಿಸುವ ಬಗೆ ಹೇಗೆಂದು ಕೇಳಿಕೊಂಡು ಬಂದಿದ್ದರು. ಸಂಸದರ ಕಡೆಯವರಿಂದ ಅವರಿಗೆ ಸಿಕ್ಕ ಉತ್ತರ, "ನಂಬರ್ ಇಲ್ಲ ಬಿಡಿ, ಸುಮ್ನೆ ಯಾಕೆ?" ಎಂಬುದು.

ಈ ಉತ್ತರ ಕೊನೆಯ ಹಂತಕ್ಕೆ ಸಲ್ಲಬೇಕಾದದ್ದು. ಮೊದಲ ಹಂತಕ್ಕೆ ಸಲ್ಲುವುದಿಲ್ಲ. 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆಯ ಪ್ರಕಾರ ನೋಟಿಸಿಗೆ ಲೋಕಸಭೆಯಲ್ಲಿ 100 ಸದಸ್ಯರ, ರಾಜ್ಯಸಭೆಯಲ್ಲಾದರೆ 50 ಸದಸ್ಯರ ಸಹಿ ಸಾಕು. ಸಭಾಧ್ಯಕ್ಷರು ಅಥವಾ ಸಭಾಪತಿಗಳು ಅದನ್ನು ಅಂಗೀಕರಿಸಿದರೆ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿ, ಹೈಕೋರ್ಟೊಂದರ ಮುಖ್ಯ ನ್ಯಾಯಮೂರ್ತಿ ಮತ್ತು ಒಬ್ಬ ಕಾನೂನು ತಜ್ಞರಿರುವ ಸಮಿತಿ ವಿಚಾರಣೆ ನಡೆಸುತ್ತದೆ. ತಪ್ಪಿಲ್ಲವೆಂದು ಸಮಿತಿ ಹೇಳಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಎಂದ ಮೇಲೆ ಸಹಿ ಹಾಕುವ ಸಂಸದರು ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸುತ್ತಿಲ್ಲ, ವಿಚಾರಣೆಯಾಗಲಿ ಎಂದಷ್ಟೇ ಕೇಳುತ್ತಿದ್ದಾರೆ.

ಸಂಖ್ಯೆಯ ಲೆಕ್ಕ ನಿಜವಾಗಿ ಬರುವುದು ಮತದಾನದ ದಿನ, ಮತ್ತು ಅಲ್ಲಿ ಸುಮ್ಮನಿರುವುದಕ್ಕೂ ಬೆಲೆಯಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಮೇಲಿದ್ದ 14 ಆರೋಪಗಳಲ್ಲಿ 11 ಸಾಬೀತಾಗಿವೆ ಎಂದು ವಿಚಾರಣಾ ಸಮಿತಿ ವರದಿ ಕೊಟ್ಟಿತ್ತು. 1993ರ ಮೇ ತಿಂಗಳಲ್ಲಿ ಲೋಕಸಭೆಯಲ್ಲಿ ನಿರ್ಣಯದ ಪರ 196 ಮತ ಬಿದ್ದವು. ವಿರುದ್ಧ ಒಂದೂ ಬೀಳಲಿಲ್ಲ. ಆದರೂ ನಿರ್ಣಯ ಬಿದ್ದುಹೋಯಿತು, ಏಕೆಂದರೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲವಿದ್ದರೆ ಸಾಲದು, ಸದನದ ಒಟ್ಟು ಸದಸ್ಯಬಲದ ಬಹುಮತವೂ ಬೇಕೆಂದು ಸಂವಿಧಾನದ 124(4)ನೇ ವಿಧಿ ಹೇಳುತ್ತದೆ. ಆಡಳಿತ ಪಕ್ಷವಾಗಿದ್ದ ಕಾಂಗ್ರೆಸ್ಸಿನವರು ಮತ ಹಾಕದೆ ಕುಳಿತಿದ್ದರು. "ನಾವು ಯಾರ ವಿರುದ್ಧವೂ ಮತ ಹಾಕಲಿಲ್ಲ" ಎಂದು ಅವರು ಕ್ಷೇತ್ರಕ್ಕೆ ಬಂದು ಹೇಳಬಹುದಿತ್ತು, ಮಾತಿನ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಮತದಾನದವರೆಗೂ ಹೋಗದೆ ಫಲ ಕೊಟ್ಟ ಸಹಿಗಳೂ ಇವೆ. ನಮ್ಮದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ವಿರುದ್ಧ 2009ರ ಡಿಸೆಂಬರಿನಲ್ಲಿ ರಾಜ್ಯಸಭೆಯ 75 ಸದಸ್ಯರು ನೋಟಿಸ್ ಕೊಟ್ಟರು, ಸಮಿತಿ ರಚನೆಯಾಯಿತು, 2011ರಲ್ಲಿ ಅವರು ರಾಜೀನಾಮೆ ಕೊಟ್ಟರು. ಅದೇ ವರ್ಷ ಕಲ್ಕತ್ತ ಹೈಕೋರ್ಟಿನ ಸೌಮಿತ್ರ ಸೇನ್ ಅವರು ರಾಜ್ಯಸಭೆ ನಿರ್ಣಯ ಅಂಗೀಕರಿಸಿದ ಮೇಲೆ, ಲೋಕಸಭೆಗೆ ಅದು ಬರುವ ಮೊದಲೇ ಹುದ್ದೆ ಬಿಟ್ಟರು.

ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಇದೆ ಎಂಬ ಇನ್ನೊಂದು ನೆಪವನ್ನೂ ಕೇಳಿದ್ದೇನೆ. ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನಲ್ಲಿ, ವಿಪ್ ಅನ್ವಯಿಸುವುದು ಸದನದೊಳಗಿನ ಮತದಾನಕ್ಕೆ; ನೋಟಿಸಿಗೆ ಸಹಿ ಹಾಕುವುದು ಮತದಾನವಲ್ಲ. ಮುಂದೆ ಟಿಕೆಟ್ ಸಿಗದಿರಬಹುದೆಂಬ ಭಯ ಬೇರೆ, ಅದಕ್ಕೆ ಕಾನೂನಿನಲ್ಲಿ ಮದ್ದಿಲ್ಲ.

ಬಂದವರ ಕರಡು ಮನವಿಯನ್ನು ಓದಿದಾಗ ಮೊದಲ ಪುಟದ ತುಂಬ ಅವರಿಗೆ ಹಿಡಿಸದ ಒಂದು ತೀರ್ಪಿನ ಮಾತೇ ಇತ್ತು. ಅದನ್ನು ಪೂರ್ತಿ ಹೊಡೆದುಹಾಕಿಸಿದೆ. ತೀರ್ಪು ತಪ್ಪೆನಿಸಿದರೆ ಮೇಲ್ಮನವಿಯಿದೆ. ವಾಗ್ದಂಡನೆಗೆ ಆಧಾರ ಸಾಬೀತಾದ ದುರ್ನಡತೆ ಅಥವಾ ಅಸಾಮರ್ಥ್ಯ ಮಾತ್ರ. ತೀರ್ಪಿನ ಸಿಟ್ಟಿಗೆ ಸಹಿ ಕೇಳುವವರನ್ನು ಸಂಸದರು ಮರಳಿ ಕಳಿಸಿದರೆ ನಾನು ಸಂಸದರ ಪಕ್ಷ. ನ್ಯಾಯಮೂರ್ತಿಯ ಬಗ್ಗೆ ವಿಶೇಷಣಗಳನ್ನೂ ತೆಗೆಸಿದೆ, ಏಕೆಂದರೆ ನ್ಯಾಯಾಂಗ ನಿಂದನೆಯ ನೋಟಿಸ್ ಬಂದರೆ ಅದು ಬರುವುದು ಸಹಿ ಹಾಕಿದ ರೈತನ ಮನೆಗೆ. ಉಳಿದದ್ದು ದಿನಾಂಕ, ದಾಖಲೆ, ಆರೋಪ, ಕೊನೆಯಲ್ಲಿ ಒಂದೇ ಪ್ರಶ್ನೆ: ಈ ದಾಖಲೆಗಳನ್ನು ಓದಿದ ಮೇಲೂ ವಿಚಾರಣೆ ಬೇಡವೆನ್ನಲು ತಮಗಿರುವ ಕಾರಣವೇನು? ಇದಕ್ಕೆ ಲಿಖಿತ ಉತ್ತರ ಕೋರಿ, ಮನವಿಯ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಹೇಳಿದೆ. ಜಯದೇವ ವೃತ್ತದ ಧರಣಿ ಮರುದಿನದ ಪತ್ರಿಕೆಯೊಂದಿಗೆ ಮುಗಿಯಬಹುದು. ಮುದ್ರೆಯಿರುವ ಕಾಗದ ಮುಂದಿನ ಚುನಾವಣೆಯವರೆಗೂ ಕೈಯಲ್ಲಿರುತ್ತದೆ.

ಕರ್ನಾಟಕದ 28 ಲೋಕಸಭಾ ಸದಸ್ಯರು ಒಟ್ಟಾದರೂ ನೂರರ ಮಟ್ಟ ಮುಟ್ಟುವುದಿಲ್ಲವಾದ್ದರಿಂದ, ಬೇರೆ ರಾಜ್ಯದ ಸದಸ್ಯರೊಡನೆ ಮಾತಾಡುವಂತೆಯೂ ಕೇಳಬೇಕಾಗುತ್ತದೆ. ರಾಜ್ಯಸಭೆಯಲ್ಲಿ ನಮ್ಮ ರಾಜ್ಯದವರು 12 ಮಂದಿ ಇದ್ದಾರೆ. ಅಲ್ಲಿ 50 ಸಹಿ ಸಾಕಾಗಿದ್ದರೂ ದಾವಣಗೆರೆ, ಚಿತ್ರದುರ್ಗದಿಂದ ಮನವಿ ಹಿಡಿದು ಅವರ ಮನೆಯ ಬಾಗಿಲಿಗೆ ಹೋದವರನ್ನು ನಾನು ಇದುವರೆಗೆ ಕಂಡಿಲ್ಲ.