ಮೆಂಬರಿಗೆ ಹತ್ತು ಸಲ ಹೇಳಿದರೂ ಚರಂಡಿ ಕ್ಲೀನ್ ಆಗಲಿಲ್ಲ, ಇನ್ನು ಯಾರಿಗೆ ಹೇಳಬೇಕು?

ಓದುಗರ ಪ್ರಶ್ನೆ: ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ಮೂರು ತಿಂಗಳಾಯಿತು. ಮನೆ ಮುಂದೆ ನಿಲ್ಲೋಕಾಗಲ್ಲ, ಅಷ್ಟು ವಾಸನೆ. ನಮ್ಮ ವಾರ್ಡಿನ ಮೆಂಬರಿಗೆ ಸಿಕ್ಕಾಗೆಲ್ಲ ಹೇಳಿದ್ದೇವೆ. ‘ಆಯ್ತು, ಮಾಡ್ಸೋಣ’ ಅಂತಾರೆ. ಪಿಡಿಒ ಸಾಹೇಬರು ಆಫೀಸಿನಲ್ಲಿ ಸಿಗೋದೇ ಇಲ್ಲ. ಯಾರಿಗೆ, ಹೇಗೆ ದೂರು ಕೊಟ್ಟರೆ ಕೆಲಸ ಆಗುತ್ತೆ?

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಈ ಮೂರು ತಿಂಗಳಲ್ಲಿ ಒಂದು ಸಲವಾದರೂ ಬರೆದು ಕೊಟ್ಟಿದ್ದೀರಾ? ಇಲ್ಲ ಅನ್ನುವುದಾದರೆ, ಪಂಚಾಯಿತಿಯ ಲೆಕ್ಕದಲ್ಲಿ ನಿಮ್ಮ ಬೀದಿಯಿಂದ ಇದುವರೆಗೆ ಒಂದೂ ದೂರು ಬಂದಿಲ್ಲ. ಟೀ ಅಂಗಡಿ ಹತ್ತಿರ ಮೆಂಬರಿಗೆ ಹೇಳಿದ್ದು, ಬಸ್‌ಸ್ಟ್ಯಾಂಡಿನಲ್ಲಿ ಅಧ್ಯಕ್ಷರನ್ನು ತಡೆದು ಕೇಳಿದ್ದು, ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಹಾಕಿ ಬೈದಿದ್ದು, ಇವು ಯಾವುವೂ ಕಡತಕ್ಕೆ ಹೋಗುವುದಿಲ್ಲ. ಕಡತದಲ್ಲಿ ಇಲ್ಲದ್ದಕ್ಕೆ ನಾಳೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದನ್ನು ‘ನನಗೆ ಯಾರೂ ಹೇಳೇ ಇಲ್ಲ’ ಅಂದರೆ ಮುಗಿಯಿತು.

ಹಾಗಂತ ಮೆಂಬರಿಗೆ ಹೇಳಬೇಡಿ ಅಂತಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರು ಇರುತ್ತಾರೆ. ಅಂದರೆ ಅವರಿಗೆ ನಿಮ್ಮ ಮನೆ ಗೊತ್ತು, ನಿಮ್ಮ ಚರಂಡಿಯೂ ಗೊತ್ತು. ಆದರೆ ಅವರ ಬಲ ಇರುವುದು ಸಭೆಯಲ್ಲಿ ಮಾತಾಡಿ ಠರಾವು ಮಾಡಿಸುವುದರಲ್ಲಿ. ಕೆಲಸಗಾರರನ್ನು ಕಳಿಸುವುದು, ಬಿಲ್ ಮಾಡುವುದು, ಅರ್ಜಿಗೆ ಉತ್ತರ ಕೊಡುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಕೆಲಸ. ಹಾಗಾಗಿ ಅರ್ಜಿ ಪಿಡಿಒ ಹೆಸರಿಗೇ ಹೋಗಲಿ. ಅಧ್ಯಕ್ಷರಿಗೂ ನಿಮ್ಮ ವಾರ್ಡಿನ ಸದಸ್ಯರಿಗೂ ಒಂದೊಂದು ಪ್ರತಿ ಸಾಕು.

ಅರ್ಜಿ ಹೇಗಿರಬೇಕು

ತುಂಬಾ ಜನ ಇಲ್ಲೇ ಎಡವುತ್ತಾರೆ. ಎರಡು ಪುಟ ಬರೆಯುತ್ತಾರೆ. ಅದರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಊರಿಗೆ ಆದ ಅನ್ಯಾಯವೆಲ್ಲ ಇರುತ್ತದೆ, ಚರಂಡಿ ಎಲ್ಲಿದೆ ಅನ್ನೋದು ಮಾತ್ರ ಇರುವುದಿಲ್ಲ. ಇಷ್ಟು ಸಾಕು ನೋಡಿ:

‘ವಿಷಯ: 2ನೇ ವಾರ್ಡ್, ಮಾರಮ್ಮನ ಗುಡಿ ಬೀದಿಯ ಚರಂಡಿ ಕಟ್ಟಿಕೊಂಡಿರುವ ಬಗ್ಗೆ. ಗುಡಿಯಿಂದ ಹಳೇ ಬಾವಿಯವರೆಗೆ ಸುಮಾರು 40 ಮೀಟರ್ ಚರಂಡಿಯಲ್ಲಿ ಹೂಳು ತುಂಬಿ ಮೂರು ತಿಂಗಳಿಂದ ನೀರು ನಿಂತಿದೆ. ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ ಇದೆ. ಹೂಳು ತೆಗೆಸಿ, ಬೇರೆ ಕಡೆ ಸಾಗಿಸಬೇಕಾಗಿ ಕೋರಿಕೆ. ಯಾವ ದಿನಾಂಕದೊಳಗೆ ಮಾಡಲಾಗುವುದು ಎಂದು ಲಿಖಿತವಾಗಿ ತಿಳಿಸಿ.’

ಕೆಳಗೆ ಬೀದಿಯ ಏಳೆಂಟು ಮನೆಯವರ ಸಹಿ, ಮನೆ ನಂಬರ್, ಒಬ್ಬರ ಫೋನ್ ನಂಬರ್. ಜೊತೆಗೆ ಎರಡು ಫೋಟೊ. ಒಂದನ್ನು ಹತ್ತಿರದಿಂದ ತೆಗೆಯಿರಿ. ಇನ್ನೊಂದನ್ನು ಗುಡಿಯೋ ನಲ್ಲಿಯೋ ಕಾಣುವ ಹಾಗೆ ದೂರದಿಂದ ತೆಗೆಯಿರಿ. ಬರೀ ಕೊಚ್ಚೆಯ ಫೋಟೊ ನೋಡಿದರೆ ಅದು ಯಾವ ಊರಿನದು ಅಂತ ಯಾರಿಗೂ ಗೊತ್ತಾಗಲ್ಲ, ಅಲ್ವಾ? ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಚರಂಡಿ, ಬೀದಿದೀಪ, ನಾಯಿಕಾಟ ಮೂರನ್ನೂ ಒಂದೇ ಹಾಳೆಗೆ ತುಂಬಿದರೆ, ಅದರಲ್ಲಿ ಸುಲಭದ್ದೊಂದನ್ನು ಮಾಡಿ ‘ಅರ್ಜಿ ವಿಲೇವಾರಿ ಆಗಿದೆ’ ಅಂತ ಬರೆದುಬಿಡಬಹುದು.

ಈಗ ಮುಖ್ಯ ವಿಷಯ. ಎರಡು ಪ್ರತಿ ಒಯ್ಯಿರಿ. ಒಂದನ್ನು ಆಫೀಸಿನ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಪಂಚಾಯಿತಿ ಸೀಲು, ದಿನಾಂಕ, ಇನ್‌ವರ್ಡ್ ನಂಬರ್, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಇದಕ್ಕೆ ಪಿಡಿಒ ಇರಲೇಬೇಕು ಅಂತಿಲ್ಲ. ಅನೇಕ ಕಡೆ ಒಬ್ಬ ಪಿಡಿಒಗೆ ಇನ್ನೊಂದು ಪಂಚಾಯಿತಿಯ ಪ್ರಭಾರವೂ ಇರುತ್ತದೆ. ಅವರಿಗಾಗಿ ಕಾಯುತ್ತ ಕೂತರೆ ವಾರ ಕಳೆಯುತ್ತದೆ. ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಕಂಪ್ಯೂಟರ್ ಆಪರೇಟರ್, ಯಾರಿದ್ದರೂ ಅರ್ಜಿ ತೆಗೆದುಕೊಳ್ಳಬಹುದು. ‘ಸಾಹೇಬ್ರು ಬರ್ಲಿ, ಆಮೇಲೆ ಸೀಲ್ ಹಾಕ್ತೀವಿ, ಇಟ್ಟು ಹೋಗಿ’ ಅಂದರೆ ಇಟ್ಟು ಬರಬೇಡಿ. ನಗುನಗುತ್ತಲೇ ಅಲ್ಲೇ ಬೆಂಚಿನ ಮೇಲೆ ಕೂತುಬಿಡಿ. ಹೆಚ್ಚಿನ ಸಲ ಅರ್ಧ ಗಂಟೆಯಲ್ಲಿ ಸೀಲು ಸಿಗುತ್ತದೆ. ಅಷ್ಟಕ್ಕೂ ಆಗಲಿಲ್ಲ ಅಂದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಒಂದು ಕಿವಿಮಾತು. ಕೆಲವು ಕಡೆ ‘ಮೊದ್ಲು ನಿಮ್ಮನೆ ಕಂದಾಯ ಬಾಕಿ ಕಟ್ಟಿ’ ಅಂತ ಬಾಯಿ ಮುಚ್ಚಿಸುತ್ತಾರೆ. ಬಾಕಿ ಇದ್ದರೆ ಕಟ್ಟಿಬಿಡಿ, ಆ ಮಾತಿಗೆ ಜಾಗವೇ ಇರಬಾರದು. ಆದರೆ ಬಾಕಿ ಇದೆ ಅಂತ ಇಡೀ ಬೀದಿಯ ಚರಂಡಿ ಕೊಳೆಯಲಿ ಅನ್ನೋದು ನ್ಯಾಯ ಅಲ್ಲ.

ಯಾರ ಕೆಲಸ ಅಂತ ಮೊದಲು ತಿಳಿದುಕೊಳ್ಳಿ

ನಿಮ್ಮ ಚರಂಡಿ ವಿಷಯದಲ್ಲಿ ಗೊಂದಲ ಇಲ್ಲ. ಊರೊಳಗಿನ ಚರಂಡಿ, ಕಸ, ಕುಡಿಯುವ ನೀರು, ಬೀದಿದೀಪ ಗ್ರಾಮ ಪಂಚಾಯಿತಿಯ ಕೆಲಸ ಅಂತ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಬೇರೆ ದೂರುಗಳಲ್ಲಿ ಮಾತ್ರ ಜನ ಬಾಗಿಲು ತಪ್ಪುತ್ತಾರೆ.

ನಾನೂ ತಪ್ಪಿದ್ದೇನೆ. ನಮ್ಮ ಬೀದಿಯ ತಿರುವಿನಲ್ಲಿದ್ದ ದೀಪ ಉರಿಯುತ್ತಿರಲಿಲ್ಲ. ಪಂಚಾಯಿತಿಗೆ ಹೋದರೆ ‘ಕರೆಂಟಿನವರಿಗೆ ಹೇಳಿ’ ಅಂದರು. ಕರೆಂಟಿನವರ ಹತ್ತಿರ ಹೋದರೆ ‘ಬೀದಿದೀಪ ಪಂಚಾಯಿತಿದು ಸ್ವಾಮಿ’ ಅಂದರು. ಎರಡೂ ಕಡೆ ಅಲೆದು ಚಪ್ಪಲಿ ಸವೆಸಿದ ಮೇಲೆ ಲೈನ್‌ಮನ್ ಒಬ್ಬರು ಕಂಬದ ಕೆಳಗೆ ನಿಂತು ತೋರಿಸಿದರು. ಬಲ್ಬು ಚೆನ್ನಾಗಿಯೇ ಇತ್ತು, ಅದಕ್ಕೆ ಬರುವ ತಂತಿ ತುಂಡಾಗಿತ್ತು. ಅಂದರೆ ಇಬ್ಬರೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ಬಲ್ಬು, ಅದರ ಬಿಲ್ಲು ಪಂಚಾಯಿತಿದು. ಕಂಬ, ಲೈನು, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿಯದು. ಲೈನಿನ ತೊಂದರೆ ಆದರೆ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಹೇಳಿ, ಹುಡುಕೋದು ಸುಲಭ.

ಇದಕ್ಕಿಂತ ಜಾಸ್ತಿ ಗೊಂದಲ ಆಗುವುದು ಪಿಡಿಒ ಮತ್ತು ಗ್ರಾಮ ಆಡಳಿತಾಧಿಕಾರಿ ನಡುವೆ. ಹಿಂದೆ ಗ್ರಾಮ ಲೆಕ್ಕಿಗ ಅನ್ನುತ್ತಿದ್ದೆವಲ್ಲ, ಅವರೇ ಈಗಿನ ಗ್ರಾಮ ಆಡಳಿತಾಧಿಕಾರಿ. ಅವರು ಕಂದಾಯ ಇಲಾಖೆಯವರು, ಅವರ ಮೇಲೆ ತಹಶೀಲ್ದಾರರು. ಪಹಣಿ, ಗೋಮಾಳ ಒತ್ತುವರಿ, ಕೆರೆ ಒತ್ತುವರಿ ಇವು ಆ ಕಡೆಯ ವಿಷಯ. ಪಿಡಿಒ ಗ್ರಾಮೀಣಾಭಿವೃದ್ಧಿ ಇಲಾಖೆಯವರು. ಊರು ದಾಟಿ ಹೋಗುವ ದೊಡ್ಡ ರಸ್ತೆಯ ಗುಂಡಿ ಲೋಕೋಪಯೋಗಿ ಇಲಾಖೆಯದ್ದಿರಬಹುದು. ರಾತ್ರಿ ಹತ್ತರ ಮೇಲೆ ಮೈಕ್ ಹಾಕಿದರೆ 112, ಪೊಲೀಸರು. ನಿಮ್ಮ ಪಕ್ಕದ ಮನೆಯವರು ಕಾಂಪೌಂಡ್ ಅರ್ಧ ಅಡಿ ಈಚೆ ಕಟ್ಟಿದ್ದರೆ ಅದು ನಿಮ್ಮಿಬ್ಬರ ಸಿವಿಲ್ ವ್ಯಾಜ್ಯ. ಅದಕ್ಕೆ ಪಂಚಾಯಿತಿಯನ್ನು ಬೈದು ಪ್ರಯೋಜನ ಇಲ್ಲ. ಆದರೆ ಅದೇ ಕಾಂಪೌಂಡ್ ಚರಂಡಿ ಮೇಲೆ ಬಂದಿದ್ದರೆ ಪಂಚಾಯಿತಿ ನೋಟಿಸ್ ಕೊಡಬೇಕು. ನಿಮ್ಮ ಚರಂಡಿ ಕಟ್ಟಿಕೊಂಡಿದ್ದಕ್ಕೆ ಇದೇ ಕಾರಣವಾ ಅಂತ ಒಮ್ಮೆ ನಡೆದು ನೋಡಿ. ಯಾರೋ ಗಾಡಿ ನಿಲ್ಲಿಸಲು ಕಲ್ಲು ಚಪ್ಪಡಿ ಹಾಕಿರುತ್ತಾರೆ, ಹೂಳು ಅಲ್ಲೇ ಕೂತಿರುತ್ತದೆ.

‘ಫಂಡ್ ಇಲ್ಲ’ ಅಂದರೆ

ಈ ಉತ್ತರ ನಿಮಗೆ ಬಂದೇ ಬರುತ್ತದೆ. ಒಮ್ಮೊಮ್ಮೆ ಅದು ನಿಜವೂ ಹೌದು. ಇರುವ ಚರಂಡಿಯ ಹೂಳು ತೆಗೆಸುವುದು, ಪೈಪ್ ಸೋರಿಕೆ ನಿಲ್ಲಿಸುವುದು ಇವು ನಿರ್ವಹಣೆ. ಇದಕ್ಕೆ ‘ಮುಂದಿನ ವರ್ಷ’ ಅನ್ನುವ ಉತ್ತರ ಒಪ್ಪಬೇಡಿ. ಹೊಸ ಚರಂಡಿ ಕಟ್ಟಿಸುವುದು, ಸಿಮೆಂಟ್ ರಸ್ತೆ ಹಾಕಿಸುವುದು ಬೇರೆ ಮಾತು. ಅದು ಆ ವರ್ಷದ ಕ್ರಿಯಾ ಯೋಜನೆಯಲ್ಲಿ ಇಲ್ಲದಿದ್ದರೆ ಪಿಡಿಒ ಮನಸ್ಸು ಮಾಡಿದರೂ ಬಿಲ್ ಮಾಡುವುದು ಕಷ್ಟ.

ಅಂಥ ಕೆಲಸಕ್ಕೆ ದಾರಿ ವಾರ್ಡ್ ಸಭೆ ಮತ್ತು ಗ್ರಾಮಸಭೆ. ಎರಡೂ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು ಅಂತ ಕಾಯ್ದೆ ಹೇಳುತ್ತದೆ. ವಾರ್ಡ್ ಸಭೆಯಲ್ಲಿ ಬೀದಿಯವರು ಕೇಳಿದ್ದು ಗ್ರಾಮಸಭೆಗೆ ಹೋಗುತ್ತದೆ, ಅಲ್ಲಿಂದ ಕ್ರಿಯಾ ಯೋಜನೆಗೆ. ಹೇಳೋದಕ್ಕೆ ಸುಲಭ. ನಿಜಕ್ಕೂ ಏನಾಗುತ್ತದೆ? ಬೆಳಗ್ಗೆ ಹನ್ನೊಂದಕ್ಕೆ ಸಭೆ, ಆ ಹೊತ್ತಿಗೆ ದುಡಿಯುವವರೆಲ್ಲ ಹೊಲದಲ್ಲೋ ಬಸ್ಸಿನಲ್ಲೋ ಇರುತ್ತಾರೆ. ಮನೆ, ಸೈಟು ಬೇಕಾದವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಒಂದು ಗಲಾಟೆ, ಒಂದು ಕಾಫಿ, ಸಭೆ ಮುಗಿಯಿತು. ಅದಕ್ಕೇ ನಾಲ್ಕು ಜನ ಒಟ್ಟಿಗೆ ಹೋಗಿ. ಬರೆದ ಅರ್ಜಿಯನ್ನೇ ಓದಿ, ಅಲ್ಲೇ ಕೊಡಿ. ಆಮೇಲೆ ‘ನಡಾವಳಿ ಪುಸ್ತಕದಲ್ಲಿ ನಮ್ಮ ವಿಷಯ ಬರೆದುಕೊಂಡ್ರಾ, ಸ್ವಲ್ಪ ಓದಿ ಹೇಳಿ’ ಅಂತ ಕೇಳಿ. ಸಭೆಯಲ್ಲಿ ಎಷ್ಟು ಜೋರಾಗಿ ಮಾತಾಡಿದ್ದರೂ ನಡಾವಳಿಯಲ್ಲಿ ಬರದಿದ್ದರೆ ಅದು ಗಾಳಿಗೆ ಹೋದ ಮಾತೇ.

ಹದಿನೈದು ದಿನ ಕಳೆದರೂ ಯಾರೂ ಬರದಿದ್ದರೆ

ಸಣ್ಣಪುಟ್ಟ ನೀರಿನ ರಿಪೇರಿ, ಬೀದಿದೀಪ, ಊರಿನ ನೈರ್ಮಲ್ಯ, ಈ ಮೂರೂ ಸಕಾಲ ಸೇವೆಗಳ ಪಟ್ಟಿಯಲ್ಲಿವೆ. ಸಕಾಲ ಅಂದರೆ ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನದೊಳಗೆ ಕೊಡಬೇಕು ಅನ್ನುವ ರಾಜ್ಯದ ಕಾಯ್ದೆ. ಅರ್ಜಿ ಕೊಡುವಾಗ ಸಕಾಲದ ಸ್ವೀಕೃತಿ ನಂಬರ್ ಕೇಳಿ. ಕಾಯ್ದೆ ಪ್ರಕಾರ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ದುಡ್ಡು ದೊಡ್ಡದಲ್ಲ. ಆದರೆ ತಡ ಆಗಿದ್ದು ಮೇಲಿನವರ ಕಂಪ್ಯೂಟರಿನಲ್ಲಿ ಕಾಣುತ್ತದೆ, ಅದು ಕೆಲಸ ಮಾಡಿಸುತ್ತದೆ.

ಸೀಲು ಹಾಕಿಸಿದ ಪ್ರತಿ ನಿಮ್ಮ ಕೈಯಲ್ಲಿದ್ದರೆ ಮುಂದಿನ ಮೆಟ್ಟಿಲು ಹತ್ತುವುದು ಸುಲಭ. ಅದರ ಜೆರಾಕ್ಸ್ ಹಚ್ಚಿ ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇಒಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯಿತಿಯ ಸಿಇಒ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ಕೊಡಬಹುದು. ಮೊದಲ ದಿನವೇ ಮುಖ್ಯಮಂತ್ರಿಗೆ ಬರೆಯುವವರಿದ್ದಾರೆ. ಅದು ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿದು ಕೊನೆಗೆ ಅದೇ ಪಿಡಿಒ ಮೇಜಿಗೆ ಬರುತ್ತದೆ, ಅಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ನಾನಾದರೆ ಇಒ ಹತ್ತಿರವೇ ನಿಲ್ಲಿಸುತ್ತೇನೆ. ಚರಂಡಿ ವಿಷಯಕ್ಕೆ ಇನ್ನೊಂದು ಉಪಾಯವೂ ಇದೆ. ಅರ್ಜಿಯ ಒಂದು ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಡಿ, ಆಶಾ ಅಕ್ಕನಿಗೂ ತಿಳಿಸಿ. ಸೊಳ್ಳೆ ವಿಷಯ ಅಂದರೆ ಅವರೂ ಪಂಚಾಯಿತಿಗೆ ಬರೆಯುತ್ತಾರೆ. ಆಗ ದೂರು ಬರೀ ಬೀದಿಯವರದ್ದಾಗಿ ಉಳಿಯುವುದಿಲ್ಲ.

ಇಷ್ಟಾದರೂ ಮೌನವೇ ಇದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಇಲ್ಲಿ ‘ಯಾಕೆ ಕ್ಲೀನ್ ಮಾಡಿಸಿಲ್ಲ?’ ಅಂತ ಕೇಳಬೇಡಿ. ಈ ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆ ಅಲ್ಲ. ‘ಇಂಥ ದಿನಾಂಕದ, ಇಂಥ ಇನ್‌ವರ್ಡ್ ನಂಬರಿನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆಗಳ ನಕಲು ಕೊಡಿ’ ಅನ್ನಿ. ‘ಕಳೆದ ಒಂದು ವರ್ಷದಲ್ಲಿ 2ನೇ ವಾರ್ಡಿನ ಚರಂಡಿ ಸ್ವಚ್ಛತೆಗೆ ಖರ್ಚಾದ ಬಿಲ್‌ಗಳ ನಕಲು ಕೊಡಿ’ ಅಂತಲೂ ಕೇಳಬಹುದು. ಮಾಡದ ಕೆಲಸಕ್ಕೆ ಯಾರಾದರೂ ಬಿಲ್ ಬರೆದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅದು ದುಡ್ಡಿನ ಅವ್ಯವಹಾರ, ಲೋಕಾಯುಕ್ತಕ್ಕೆ ಹೋಗುವ ದೂರು. ಆದರೆ ಕೈಯಲ್ಲಿ ಕಾಗದ ಇಲ್ಲದೆ ಯಾರನ್ನೂ ಕಳ್ಳ ಅನ್ನಬೇಡಿ. ಊರು ಚಿಕ್ಕದು, ನಾಳೆ ಅವರ ಮನೆ ಮದುವೆಗೂ ನೀವು ಹೋಗಬೇಕು.

ಕೊನೆಗೆ ನಿಮ್ಮ ಚರಂಡಿಗೇ ಬರೋಣ. ಮೇಲಿನ ಅರ್ಜಿಯಲ್ಲಿ ‘ಬೇರೆ ಕಡೆ ಸಾಗಿಸಬೇಕು’ ಅಂತ ಬರೆದಿದ್ದೆನಲ್ಲ, ಅದನ್ನು ಸುಮ್ನೆ ಬರೆದಿದ್ದಲ್ಲ. ಹೂಳು ಎತ್ತಿದವರು ಅದನ್ನು ಚರಂಡಿ ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ, ‘ಒಣಗ್ಲಿ, ಆಮೇಲೆ ಒಯ್ತೀವಿ’ ಅನ್ನುತ್ತಾರೆ. ಮೂರನೇ ದಿನ ಮಳೆ ಬಂದರೆ ಅಷ್ಟೂ ವಾಪಸ್ ಚರಂಡಿಗೇ ಇಳಿಯುತ್ತದೆ. ಟ್ರ್ಯಾಕ್ಟರ್ ಬಂದು ಗುಡ್ಡೆ ಖಾಲಿ ಆಗುವವರೆಗೆ ‘ಕೆಲಸ ಆಗಿದೆ’ ಅಂತ ಯಾವ ಕಾಗದಕ್ಕೂ ಸಹಿ ಹಾಕಬೇಡಿ.