ನರಮೇಧವನ್ನು ತೆರೆಯ ಮೇಲೆ ಎಷ್ಟು ತೋರಿಸಬೇಕು? 1919ರ ತಕರಾರು ಇನ್ನೂ ಮುಗಿದಿಲ್ಲ

ನರಮೇಧದ ಬಗ್ಗೆ ಸಿನಿಮಾ ಬಂದಾಗಲೆಲ್ಲ ಜಗಳ ಏಳುತ್ತದೆ. ತೋರಿಸದಿದ್ದರೆ ಜನ ಮರೀತಾರೆ ಅಂತ ಕೆಲವರು, ಸತ್ತವರ ನೋವಿಗೆ ಟಿಕೆಟ್ ಇಡಬೇಡಿ ಅಂತ ಇನ್ನು ಕೆಲವರು. ಇದು ನಿನ್ನೆ ಮೊನ್ನೆಯ ಜಗಳವಲ್ಲ.

1915ರಲ್ಲಿ ತುರ್ಕರ ಆಟೊಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ನರಮೇಧ ನಡೆದಾಗ ಅರೋರಾ ಮಾರ್ಡಿಗಾನಿಯನ್ ಇನ್ನೂ ಹುಡುಗಿ. ಮನೆಯವರನ್ನು ಕಳೆದುಕೊಂಡು, ಹೇಗೋ ತಪ್ಪಿಸಿಕೊಂಡು ಅಮೆರಿಕ ಸೇರಿದಳು. ಅಲ್ಲಿ ಅವಳ ಕಥೆ ಮೊದಲು ಪುಸ್ತಕವಾಯಿತು, 1919ರಲ್ಲಿ 'ರಾವಿಶ್ಡ್ ಅರ್ಮೇನಿಯಾ' ಅನ್ನುವ ಮೂಕಿ ಚಿತ್ರವಾಯಿತು. ಅವಳ ಪಾತ್ರಕ್ಕೆ ಬಣ್ಣ ಹಚ್ಚಿದ್ದು ಅವಳೇ! ಸೆಟ್‌ನಲ್ಲಿ ತುರ್ಕರ ಹಾಗೆ ಕೆಂಪು ಟೋಪಿ ಹಾಕಿದ್ದ ನಟರನ್ನು ಕಂಡು, ತನ್ನನ್ನು ಮತ್ತೆ ಕೊಲ್ಲುವವರ ಕೈಗೇ ಒಪ್ಪಿಸಿದ್ದಾರೆ ಅಂತ ನಡುಗಿಹೋದಳಂತೆ. ಜಿಗಿಯುವ ದೃಶ್ಯದಲ್ಲಿ ಬಿದ್ದು ಪಾದದ ಗಂಟು ಮುರಿಯಿತು. ಶೂಟಿಂಗ್ ನಿಲ್ಲಲಿಲ್ಲ. ಕಾಲಿನ ಬ್ಯಾಂಡೇಜ್ ಕಂಡ ಪ್ರೇಕ್ಷಕರು ಅದೂ ಕಥೆಯ ಗಾಯವೇ ಅಂದುಕೊಂಡರು. ಹೆಂಗಸರನ್ನು ಸಾಲಾಗಿ ಶಿಲುಬೆಗೇರಿಸಿದ ದೃಶ್ಯ ಆ ಚಿತ್ರದಲ್ಲಿದೆ. ನಡೆದದ್ದು ಹಾಗಲ್ಲ, ಅದಕ್ಕಿಂತ ಘೋರ, ಅದನ್ನು ತೋರಿಸುವ ಹಾಗಿರಲಿಲ್ಲ ಅಂತ ಅವಳು ಮುಂದೆ ಹೇಳಿದಳು. 'ಕ್ರೌರ್ಯ ಜಾಸ್ತಿಯಾಯ್ತು' ಅಂತ ನಾವು ಮುಖ ತಿರುಗಿಸುವ ದೃಶ್ಯವೂ ನಿಜಕ್ಕಿಂತ ಕಮ್ಮಿಯೇ ಇರಬಹುದು, ಅಲ್ವಾ?

1930ರ ದಶಕದಲ್ಲಿ ಹಾಲಿವುಡ್ ಅರ್ಮೇನಿಯನ್ನರ ಬಗ್ಗೆ ಇನ್ನೊಂದು ಚಿತ್ರಕ್ಕೆ ಹೊರಟು, ತುರ್ಕಿಯ ರಾಜತಾಂತ್ರಿಕ ಒತ್ತಡಕ್ಕೆ ಕೈಬಿಟ್ಟಿತು. ಆಮೇಲೆ ಹಿಟ್ಲರನ ನಾಜಿಗಳು ನಡೆಸಿದ ಯಹೂದಿಗಳ ನರಮೇಧವೇ ಚರ್ಚೆಯ ನಡುವೆ ಬಂತು. 1978ರ ಅಮೆರಿಕದ ಟಿವಿ ಧಾರಾವಾಹಿ 'ಹೋಲೊಕಾಸ್ಟ್' ಮರುವರ್ಷ ಪಶ್ಚಿಮ ಜರ್ಮನಿಯಲ್ಲಿ ಪ್ರಸಾರವಾದಾಗ ಮನೆಮನೆಯಲ್ಲೂ ಅದೇ ಮಾತು. ಅಗ್ಗದ ಮೆಲೋಡ್ರಾಮಾ ಅಂತ ಬೈದವರೂ ಇದ್ದರು, ಆದರೆ ಅಷ್ಟು ವರ್ಷ ಬಾಯಿ ಬಿಡದಿದ್ದ ಮನೆಗಳಲ್ಲಿ ಮಕ್ಕಳು ಹಿರಿಯರನ್ನು ಪ್ರಶ್ನೆ ಕೇಳಿದರು. ಅದು ಸಣ್ಣ ವಿಷಯವಲ್ಲ. 1985ರಲ್ಲಿ ಫ್ರೆಂಚ್ ನಿರ್ದೇಶಕ ಕ್ಲೋದ್ ಲಾನ್ಸ್‌ಮನ್ ಅದೇ ನರಮೇಧದ ಬಗ್ಗೆ ಒಂಬತ್ತು ಗಂಟೆಗೂ ಮೀರಿದ ಸಾಕ್ಷ್ಯಚಿತ್ರ 'ಶೋಆ' ತಂದರು. ನಟನೆಯಿಲ್ಲ, ಹಳೆಯ ದೃಶ್ಯಗಳಿಲ್ಲ, ಬರೀ ಸಾಕ್ಷಿಗಳ ಮಾತು, ಕೊಲೆ ನಡೆದ ಜಾಗಗಳು ಈಗ ಖಾಲಿ ಬಿದ್ದಿರುವ ನೋಟ. ಅದೇ ನರಮೇಧವನ್ನು ನಟರಿಂದ ಆಡಿಸಿದ ಸ್ಪೀಲ್‌ಬರ್ಗ್ ಅವರ 'ಶಿಂಡ್ಲರ್ಸ್ ಲಿಸ್ಟ್' 1993ರಲ್ಲಿ ಬಂದಾಗ ಇದನ್ನೆಲ್ಲ ನಟಿಸಿ ತೋರಿಸಲೇಬಾರದು ಅಂತ ಅವರು ವಾದಿಸಿದರು. 2023ರ 'ದ ಝೋನ್ ಆಫ್ ಇಂಟರೆಸ್ಟ್' ಆಶ್‌ವಿಟ್ಜ್ ಕೊಲೆ ಶಿಬಿರದ ಪಕ್ಕದಲ್ಲೇ ಇದ್ದ ಅದರ ಅಧಿಕಾರಿಯ ಮನೆಯಲ್ಲಿ, ಗೋಡೆಯ ಈಚೆಯೇ ನಿಂತು, ಆಚೆಯ ಸದ್ದನ್ನಷ್ಟೇ ಕೇಳಿಸಿತು.

ಎಷ್ಟು ತೋರಿಸಬೇಕು ಅನ್ನುವುದಕ್ಕಿಂತ, ತೋರಿಸಲು ಯಾರ ಮೈಮೇಲೆ ಮತ್ತೆ ಅದನ್ನು ಹೊರಿಸುತ್ತೇವೆ ಅನ್ನುವುದೇ ನನ್ನನ್ನು ಜಾಸ್ತಿ ಕಾಡುತ್ತದೆ. ಅರೋರಾ ನಟಿಸಿದ ಚಿತ್ರದಲ್ಲಿ ಉಳಿದಿರುವುದು ಸುಮಾರು 20 ನಿಮಿಷದ ತುಣುಕು. 2022ರ 'ಅರೋರಾಸ್ ಸನ್‌ರೈಸ್' ಆ ತುಣುಕನ್ನೂ ಮುದುಕಿಯಾದ ಮೇಲೆ ಅವಳು ಕೊಟ್ಟ ಸಂದರ್ಶನವನ್ನೂ ಜೋಡಿಸಿತು. ಮಿಕ್ಕದ್ದನ್ನು ಬಿಡಿಸಿದ ಚಿತ್ರಗಳಲ್ಲಿ ಹೇಳಿತು.