ಬೇರಿಲ್ಲದ ಕಡಲಕಳೆಗೆ ಗೊಬ್ಬರ ಎಲ್ಲಿಂದ?

ಪ್ರಶ್ನೆ: ಗೋವಾದ ಅಂಜುನಾ ಬೀಚಿನ ಬಂಡೆಗಳ ಹತ್ತಿರ ಕಂದು ಬಣ್ಣದ ಕಡಲಕಳೆ ತೇಲುತ್ತಿತ್ತು. ಅದಕ್ಕೆ ಮಣ್ಣಿಲ್ಲ, ಬೇರೂ ಇಲ್ಲ. ಮತ್ತೆ ಪೋಷಣೆ ಹೇಗೆ ಸಿಗುತ್ತದೆ? – ವಾಸ್ಕೋದಿಂದ ಒಬ್ಬ ಓದುಗರು

ಉತ್ತರ: ಸುತ್ತಲಿನ ನೀರಿನಿಂದಲೇ. ಬಂಡೆಗೆ ಅಂಟಿಕೊಂಡ ಕಳೆಯ ಬುಡದಲ್ಲಿ ಬೇರಿನ ಹಾಗೆ ಕಾಣುವುದು ಬರೀ ಹಿಡಿತಕ್ಕೆ. ಅಲೆ ಎಳೆದೊಯ್ಯದ ಹಾಗೆ ತಡೆಯುವುದಷ್ಟೇ ಅದರ ಕೆಲಸ. ಸಾರಜನಕ, ರಂಜಕ, ಕಬ್ಬಿಣ ಎಲ್ಲ ಸಮುದ್ರದ ನೀರಿನಲ್ಲಿ ಕರಗಿರುತ್ತವೆ. ಕಳೆ ಅವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ಬಂಡೆಯಿಂದ ಕಿತ್ತುಬಂದ ಕೂಡಲೇ ಉಪವಾಸ ಬೀಳುವುದಿಲ್ಲ.

ನೀವು ನೋಡಿದ್ದು ಸರ್ಗಾಸಮ್ ಜಾತಿಯದೇ ಇರಬೇಕು. ಇನ್ನೊಮ್ಮೆ ಹೋದಾಗ ಒಂದು ಎಳೆ ಕೈಗೆತ್ತಿಕೊಂಡು ನೋಡಿ. ಎಲೆಗಳ ಸಂದಿಯಲ್ಲಿ ಪುಟ್ಟ ಪುಟ್ಟ ಗುಂಡು ಬುಗ್ಗೆಗಳಿರುತ್ತವೆ. ಬೆರಳಲ್ಲಿ ಹಿಸುಕಿದರೆ ಟಪ್ ಅಂತ ಒಡೆಯುತ್ತವೆ, ಒಳಗೆ ಬರೀ ಗಾಳಿ. ಕಳೆಯನ್ನು ಬಿಸಿಲು ಸಿಗುವ ಕಡೆ ತೇಲಿಸಿಡುವುದು ಇವೇ.

ಗೋವಾದ ದಡದಲ್ಲಿ ಪೋಷಕಾಂಶಕ್ಕೆ ಬರವೇನಿಲ್ಲ. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿ, ಅಲ್ಲಿ ಮಾಂಡವಿಯಾಗಿ ಸಮುದ್ರ ಸೇರುತ್ತದೆ, ಪಕ್ಕದಲ್ಲೇ ಜುವಾರಿ. ನೆಲದ ಸಾರವನ್ನೆಲ್ಲ ಹೊತ್ತು ತರುವ ನದಿಗಳಿವು. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಆಳದ ತಣ್ಣನೆಯ, ಪೋಷಕಾಂಶ ಜಾಸ್ತಿ ಇರುವ ನೀರೂ ಕರಾವಳಿಯ ಹತ್ತಿರ ಮೇಲೆದ್ದು ಬರುತ್ತದೆ.

ನಿಜವಾದ ಒಗಟು ಇರುವುದು ಅಟ್ಲಾಂಟಿಕ್ ಸಾಗರದ ನಡುವೆ. ಅಲ್ಲಿನ ಸರ್ಗಾಸೋ ಸಮುದ್ರದಲ್ಲಿ ಎರಡು ಬಗೆಯ ಸರ್ಗಾಸಮ್ ಹುಟ್ಟಿನಿಂದ ಕೊನೆಯವರೆಗೂ ತೇಲುತ್ತಲೇ ಇರುತ್ತವೆ. ತುಂಡಾದಷ್ಟೂ ಹೊಸ ಗಿಡ! ಆದರೆ ಅಲ್ಲಿನ ಮೇಲ್ನೀರು ತೀರಾ ಬಡವು. ಸತ್ತದ್ದೆಲ್ಲ ಆಳಕ್ಕಿಳಿದು ಹೋಗುತ್ತದೆ, ಜೊತೆಗೆ ಪೋಷಕಾಂಶವೂ. ಅಲ್ಲಿ ಕಳೆಯ ಕೈಹಿಡಿಯುವುದು ಅದರ ಬಾಡಿಗೆದಾರರು. ಮರಿಮೀನು, ಸಿಗಡಿ, ಏಡಿಗಳು ಆಸರೆಗೆಂದು ಅದರೊಳಗೆ ಸೇರಿಕೊಳ್ಳುತ್ತವೆ. ಅವು ಹೊರಹಾಕುವ ಅಮೋನಿಯಾ, ರಂಜಕವನ್ನು ಕಳೆ ಅಲ್ಲೇ ಹೀರುತ್ತದೆ. ನಮ್ಮ ಕಡೆ ಹೊಲದಲ್ಲಿ ಕುರಿಹಿಂಡು ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುತ್ತಾರಲ್ಲ, ಹಾಗೆ. ಕಳೆಯ ಮೇಲೆ ಅಂಟಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳು ಗಾಳಿಯಿಂದ ನೀರಿಗೆ ಬೆರೆತ ಸಾರಜನಕವನ್ನು ಗೊಬ್ಬರವಾಗಿ ಬದಲಾಯಿಸುತ್ತವೆ. ಇಷ್ಟಾದರೂ ನಡುಗಡಲಲ್ಲಿ ಬೆಳವಣಿಗೆ ನಿಧಾನ. ದಡದ ಹತ್ತಿರದ ನೀರು ಸಿಕ್ಕರೆ ಅದೇ ಕಳೆ ಸರಸರನೆ ಹೆಚ್ಚುತ್ತದೆ.

ಈಗ ಹಾಗೇ ಆಗುತ್ತಿದೆ. 2011ರಿಂದೀಚೆಗೆ ಆಫ್ರಿಕಾದಿಂದ ಮೆಕ್ಸಿಕೋ ಕೊಲ್ಲಿವರೆಗೆ ತೇಲುವ ಸರ್ಗಾಸಮ್‌ನ ಉದ್ದನೆಯ ಪಟ್ಟೆ ಹೆಚ್ಚುಕಡಿಮೆ ಪ್ರತಿವರ್ಷ ಕಾಣಿಸಿಕೊಳ್ಳುತ್ತಿದೆ. 2018ರಲ್ಲಿ ಅದರ ಉದ್ದ ಸುಮಾರು 8,850 ಕಿಲೋಮೀಟರ್, ತೂಕ 2 ಕೋಟಿ ಟನ್ನಿಗೂ ಮೇಲೆ. ಕಾರಣ ಒಂದೇ ಅಲ್ಲ. ಗಾಳಿ, ಸಾಗರ ಪ್ರವಾಹಗಳ ಬದಲಾವಣೆ, ಆಳದಿಂದ ಮೇಲೇಳುವ ನೀರು, ಹೊಲದ ಗೊಬ್ಬರ ತೊಳೆದು ತರುವ ದೊಡ್ಡ ನದಿಗಳು – ಎಲ್ಲದರ ಮೇಲೂ ಚರ್ಚೆ ಇದೆ. ಕಳೆಯ ಮೈ ಮಾತ್ರ ಒಂದು ಸಾಕ್ಷಿ ಹೇಳುತ್ತದೆ. 1980ರ ದಶಕದ ಮಾದರಿಗಳಿಗೆ ಹೋಲಿಸಿದರೆ 2010ರ ದಶಕದವುಗಳಲ್ಲಿ ಸಾರಜನಕ ಶೇ. 35ರಷ್ಟು ಜಾಸ್ತಿ. ಇದರಲ್ಲಿ ನಮ್ಮ ಯೂರಿಯಾ, ಚರಂಡಿಗಳ ಪಾಲೂ ಇದೆ ಎಂದೇ ನನಗನಿಸುತ್ತದೆ.

ಇನ್ನೊಂದು ಮಾತು. ಮೈಯಿಂದ ಹೀರುವ ಈ ಕಳೆ ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷವನ್ನೂ ಒಳಗೆ ಕೂಡಿಟ್ಟುಕೊಳ್ಳುತ್ತದೆ. ದಡಕ್ಕೆ ಬಂದು ಬಿದ್ದ ಸರ್ಗಾಸಮ್ ರಾಶಿಯನ್ನು, ಪುಕ್ಕಟೆ ಗೊಬ್ಬರ ಅಲ್ವಾ ಅಂತ, ಸುಮ್ನೆ ತಂದು ಮನೆಯ ತರಕಾರಿ ಪಾತಿಗೆ ಸುರಿಯಬೇಡಿ.